ದಕ್ಷಿಣ ಏಷ್ಯನ್ನರ ಹೃದಯ ಮತ್ತು ಮಧುಮೇಹ ಸಂಶೋಧನೆಗಳನ್ನು ಓದಿ ಬಳಸಿಕೊಳ್ಳುವ ಕ್ರಮ

ನಮ್ಮವರಿಗೆ ಹೃದಯಾಘಾತ ಬೇಗ ಬರುತ್ತದೆ, ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ತಪ್ಪುವುದಿಲ್ಲ, ಅನ್ನ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತುಗಳು ದಿನವೂ ಮೊಬೈಲಿಗೆ ಬಂದು ಬೀಳುತ್ತವೆ. ಇವುಗಳಲ್ಲಿ ಮೊದಲ ಎರಡಕ್ಕೆ ದಶಕಗಳ ಸಂಶೋಧನೆಯ ಆಧಾರವಿದೆ. ಮೂರನೆಯದಕ್ಕೆ ಆ ರೂಪದಲ್ಲಿ ಯಾವ ಆಧಾರವೂ ಇಲ್ಲ. ಆದರೆ ಮೂರೂ ಒಂದೇ ಧ್ವನಿಯಲ್ಲಿ, ಒಂದೇ ಖಚಿತತೆಯಿಂದ ಹೇಳಲ್ಪಡುವುದರಿಂದ ಓದುಗನಿಗೆ ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯುವುದಿಲ್ಲ. ವೈದ್ಯಕೀಯ ತರಬೇತಿ ಇಲ್ಲದವರೂ ಇಂತಹ ಒಂದು ಅಧ್ಯಯನವನ್ನು ಎದುರಿಗಿಟ್ಟುಕೊಂಡು ತೂಗಿ ನೋಡುವುದು ಹೇಗೆ, ಅದರಿಂದ ತಮ್ಮ ದೇಹಕ್ಕೆ ಅನ್ವಯಿಸುವಷ್ಟನ್ನು ಮಾತ್ರ ತೆಗೆದುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ. ಯಾರನ್ನು ಅಳೆದು ಪಡೆದದ್ದು ಎಂದು ಗೊತ್ತಿಲ್ಲದ ಅಂಕಿ ಅರ್ಧ ಅಂಕಿ ಮಾತ್ರ ಎಂಬುದು ಈ ಬರಹದ ಉದ್ದಕ್ಕೂ ಇರುವ ನಿಲುವು.

ಅಳೆದದ್ದು ಯಾರನ್ನು?

ಅಧ್ಯಯನದ ವರದಿ ಕೈಗೆ ಬಂದಾಗ ಫಲಿತಾಂಶಕ್ಕೆ ಹೋಗುವ ಮೊದಲು ಅದರಲ್ಲಿ ಭಾಗವಹಿಸಿದವರು ಯಾರು ಎಂಬ ಭಾಗವನ್ನು ಓದಬೇಕು. 'ದಕ್ಷಿಣ ಏಷ್ಯನ್ನರು' ಎಂಬ ಹೆಸರಿನಡಿಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳದ ಜನರೂ ಸೇರುತ್ತಾರೆ, ಅವರ ಮೂಲದವರಾಗಿ ಲಂಡನ್ನಿನಲ್ಲೋ ಷಿಕಾಗೋದಲ್ಲೋ ನೆಲೆಸಿದವರೂ ಸೇರುತ್ತಾರೆ. ಇವರೆಲ್ಲರ ಅಪಾಯ ಒಂದೇ ಮಟ್ಟದ್ದಲ್ಲ. ಬ್ರಿಟನ್ನಿನ ವೈದ್ಯರು ಬಳಸುವ ಕ್ಯೂರಿಸ್ಕ್ ಎಂಬ ಹೃದಯಾಪಾಯದ ಲೆಕ್ಕಾಚಾರವು ಭಾರತೀಯ, ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದವರನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಭಾರತದೊಳಗಿನ ಅಂತರವಂತೂ ಇನ್ನೂ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2008ರಿಂದ 2020ರವರೆಗೆ ಹಂತಹಂತವಾಗಿ 1,13,043 ಮಂದಿಯನ್ನು ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಅದರ ವರದಿಯಂತೆ ವಯಸ್ಕರಲ್ಲಿ ಮಧುಮೇಹದ ಪ್ರಮಾಣ ದೇಶದ ಸರಾಸರಿಯಲ್ಲಿ ಶೇ 11.4, ಆದರೆ ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8. ಸರಾಸರಿಯೊಂದನ್ನೇ ಹಿಡಿದು ಮಾತನಾಡುವವರು ಈ ಎರಡು ಅಂಕಿಗಳ ನಡುವಿನ ದೂರವನ್ನು ಮರೆಮಾಚುತ್ತಾರೆ.

ವಲಸೆ ಹೋದವರ ಅಧ್ಯಯನಗಳಿಗೂ ಇದೇ ಮಾತು ಸಲ್ಲುತ್ತದೆ. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ಮಸಾಲಾ ಅಧ್ಯಯನವು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ ಮತ್ತು ಷಿಕಾಗೋದಲ್ಲಿ 40ರಿಂದ 84 ವರ್ಷದೊಳಗಿನ 906 ಮಂದಿಯನ್ನು ಸೇರಿಸಿಕೊಂಡಿತು. ಅದೇ ತೂಕದ ಇತರ ಜನಾಂಗದವರಿಗೆ ಹೋಲಿಸಿದರೆ ದಕ್ಷಿಣ ಏಷ್ಯಾ ಮೂಲದವರ ಯಕೃತ್ತಿನಲ್ಲಿ ಮತ್ತು ಹೊಟ್ಟೆಯೊಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂದು ಅದು ತೋರಿಸಿಕೊಟ್ಟಿತು. ಬೆಲೆಬಾಳುವ ಅಧ್ಯಯನ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರಲ್ಲಿ ಇದ್ದವರು ಬಹುಪಾಲು ಭಾರತದಲ್ಲಿ ಹುಟ್ಟಿ, ಪದವಿ ಪಡೆದು, ಅಮೆರಿಕಕ್ಕೆ ಹೋದವರು. ದೇಹದ ಕೊಬ್ಬು ಎಲ್ಲಿ ಶೇಖರವಾಗುತ್ತದೆ ಎಂಬ ಜೈವಿಕ ಸಂಗತಿಯನ್ನು ಅಲ್ಲಿಂದ ಇಲ್ಲಿಗೆ ತರಬಹುದು. ಅವರ ಊಟ, ನಡಿಗೆ, ಒತ್ತಡ ಮತ್ತು ಆಸ್ಪತ್ರೆಯ ಸೌಲಭ್ಯಗಳ ಬಗ್ಗೆ ಬಂದ ತೀರ್ಮಾನಗಳನ್ನು ಹೊಲದಲ್ಲಿ ದುಡಿಯುವವರ ಮೇಲೆ ಹೊರಿಸಲಾಗದು. ದೆಹಲಿ, ಚೆನ್ನೈ ಮತ್ತು ಕರಾಚಿಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸುತ್ತಿರುವ ಕಾರ್ಸ್ ಅಧ್ಯಯನ ಇದೇ ಉಪಖಂಡದ್ದು. ಆದರೂ ಅದು ಮಹಾನಗರಗಳ ಚಿತ್ರ.

ಅಳೆದದ್ದು ಏನನ್ನು?

ಎರಡನೆಯ ಪ್ರಶ್ನೆ ಅಳತೆಗೋಲಿನದು. ತೂಕವನ್ನು ಕಿಲೋಗಳಲ್ಲಿ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಅದು 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎಂಬ ಗೆರೆಗಳು ಮುಖ್ಯವಾಗಿ ಯುರೋಪ್ ಮೂಲದ ಜನರ ಮಾಹಿತಿಯಿಂದ ಬಂದವು. ಕೊಬ್ಬು ಮತ್ತು ಸ್ನಾಯುವಿನ ವ್ಯತ್ಯಾಸ ಈ ಭಾಗಾಕಾರಕ್ಕೆ ಕಾಣುವುದಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ಸಂಶೋಧಕರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರವನ್ನು ಪ್ರಕಟಿಸಿ ಇದನ್ನು ತೋರಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಸಾವಿರ ಮಾತಿನ ವಿವರಣೆಗಿಂತ ಆ ಒಂದು ಪುಟ ಹೆಚ್ಚು ಕೆಲಸ ಮಾಡಿತು ಎಂದು ನನಗೆ ಅನ್ನಿಸುತ್ತದೆ.

ಇಂತಹ ಪುರಾವೆಗಳ ಮೇಲೆ ಗೆರೆಗಳು ಸರಿದವು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆಯು 2004ರಲ್ಲಿ ಏಷ್ಯನ್ನರಿಗಾಗಿ 23 ಮತ್ತು 27.5 ಎಂಬ ಹೆಚ್ಚುವರಿ ಎಚ್ಚರಿಕೆಯ ಹಂತಗಳನ್ನು ಸೂಚಿಸಿತು. ಭಾರತದ ತಜ್ಞರು 2009ರಲ್ಲಿ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಿಗದಿ ಮಾಡಿದರು. ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ಆರೋಗ್ಯ ದಾಖಲೆಗಳನ್ನು ಆಧರಿಸಿದ 2021ರ ಅಧ್ಯಯನವೊಂದು, ಬಿಳಿಯರು ಬಿಎಂಐ 30ರಲ್ಲಿ ಎದುರಿಸುವಷ್ಟೇ ಮಧುಮೇಹದ ಅಪಾಯವನ್ನು ದಕ್ಷಿಣ ಏಷ್ಯನ್ನರು 23.9ರಲ್ಲಿಯೇ ಎದುರಿಸುತ್ತಾರೆ ಎಂದು ಲೆಕ್ಕ ಹಾಕಿತು. ಆದ್ದರಿಂದ ಯಾವುದೇ ವರದಿಯಲ್ಲಿ 'ಬೊಜ್ಜು ಇರುವವರು ಶೇ ಇಷ್ಟು' ಎಂದು ಓದಿದಾಗ ಅವರು ಯಾವ ಗೆರೆಯನ್ನು ಬಳಸಿದ್ದಾರೆ ಎಂದು ಹುಡುಕಿ ನೋಡಬೇಕು. ಒಂದು ವರದಿ 30ರ ಗೆರೆಯನ್ನೂ ಇನ್ನೊಂದು 25ರ ಗೆರೆಯನ್ನೂ ಹಿಡಿದಿದ್ದರೆ, ಅವೆರಡನ್ನೂ ಪಕ್ಕದಲ್ಲಿಟ್ಟು ಬೊಜ್ಜು ಏರಿತು ಅಥವಾ ಇಳಿಯಿತು ಎನ್ನುವುದಕ್ಕೆ ಅರ್ಥವಿಲ್ಲ.

ಮನೆಯಲ್ಲಿ ಒಂದೇ ಅಳತೆ ಸಾಧ್ಯವೆಂದಾದರೆ ನಾನು ತೂಕದ ಯಂತ್ರವನ್ನು ಬಿಟ್ಟು ಟೇಪನ್ನೇ ಆರಿಸಿಕೊಳ್ಳುತ್ತೇನೆ. ಕೆಳಗಿನ ಪಕ್ಕೆಲುಬಿನ ತುದಿಯನ್ನೂ ಸೊಂಟದ ಮೂಳೆಯ ಮೇಲಿನ ಅಂಚನ್ನೂ ಬೆರಳಿನಿಂದ ಗುರುತಿಸಿ, ಅವೆರಡರ ನಡುಮಧ್ಯದಲ್ಲಿ ಬರಿಮೈ ಮೇಲೆ ಟೇಪನ್ನು ನೆಲಕ್ಕೆ ಸಮಾನಾಂತರವಾಗಿ ಸುತ್ತಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆಯನ್ನು ಓದಬೇಕು. ಪ್ಯಾಂಟಿನ ಅಳತೆ ಇದಕ್ಕೆ ಬದಲಿಯಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಅಮೆರಿಕದ ಹಳೆಯ ಗೆರೆಗಳು 102 ಮತ್ತು 88 ಆಗಿದ್ದವು. ಅಂತರ್ಜಾಲದಲ್ಲಿ ಸಿಗುವ ಹಲವು ಲೆಕ್ಕಯಂತ್ರಗಳು ಇನ್ನೂ ಅವನ್ನೇ ಹಿಡಿದಿರುವುದರಿಂದ, ಅಲ್ಲಿ ಹಸಿರು ಬಣ್ಣ ಕಂಡಿತೆಂದು ನಿಶ್ಚಿಂತೆಯಾಗಬಾರದು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬ ಇನ್ನೊಂದು ಸರಳ ಮಾನದಂಡವನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2022ರಿಂದ ಶಿಫಾರಸು ಮಾಡುತ್ತಿದೆ.

ರಕ್ತಪರೀಕ್ಷೆಯಲ್ಲಿಯೂ ಅಳತೆಗೋಲಿನ ಪ್ರಶ್ನೆ ಇದ್ದೇ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಅನುಕೂಲದ ಪರೀಕ್ಷೆ, ಶೇ 5.7ರಿಂದ 6.4ರವರೆಗೆ ಮಧುಮೇಹಪೂರ್ವ ಸ್ಥಿತಿ, ಶೇ 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಮಧುಮೇಹ ಎನ್ನುತ್ತಾರೆ. ಆದರೆ ಅದು ಅಳೆಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಬರಬಹುದು. ರಕ್ತಕಣಗಳು ಬೇಗ ಸಾಯುವ ಕಾಯಿಲೆಗಳಲ್ಲಿ ಕಡಿಮೆಯಾಗಿ ಬರಬಹುದು. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ಭಾಗದಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳು, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಗೊತ್ತಿಲ್ಲದೆ ಈ ಒಂದೇ ಅಂಕಿಯ ಮೇಲೆ ತೀರ್ಮಾನಕ್ಕೆ ಬರಬಾರದು. ಸಂದೇಹವಿದ್ದಾಗ ಖಾಲಿ ಹೊಟ್ಟೆಯ ಸಕ್ಕರೆಯನ್ನೂ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಸಕ್ಕರೆಯನ್ನೂ ನೋಡುವಂತೆ ವೈದ್ಯರನ್ನು ಕೇಳುವುದು ಸರಿ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಹೆರಿಗೆಯ ನಂತರ ಈ ಎರಡು ಗಂಟೆಯ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಮಗುವಿನ ಆರೈಕೆಯಲ್ಲಿ ಇದು ಮರೆತೇಹೋಗುವುದು ಸಾಮಾನ್ಯ.

ಪರಿಣಾಮ ಎಷ್ಟು ದೊಡ್ಡದು?

ಪತ್ರಿಕೆಯ ಶೀರ್ಷಿಕೆಗಳು ಹೆಚ್ಚು ಮೋಸ ಮಾಡುವುದು ಇಲ್ಲಿ. 'ಅಪಾಯ ಶೇ 28ರಷ್ಟು ಇಳಿಕೆ' ಎಂದರೆ ಯಾವುದರ ಶೇ 28? ಇದನ್ನು ಬಿಡಿಸಿ ನೋಡಲು ಒಳ್ಳೆಯ ಉದಾಹರಣೆ ಚೆನ್ನೈಯಲ್ಲಿ ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಪ್ರಯೋಗ. ಸಕ್ಕರೆ ಏರತೊಡಗಿದ್ದರೂ ಇನ್ನೂ ಮಧುಮೇಹ ಬಾರದಿದ್ದ 531 ಮಂದಿಯನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ, ಒಂದಕ್ಕೆ ಆಹಾರ ಮತ್ತು ವ್ಯಾಯಾಮದ ನಿರಂತರ ಮಾರ್ಗದರ್ಶನ, ಒಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಕೊನೆಯದಕ್ಕೆ ಎರಡೂ. ಮೂರು ವರ್ಷಗಳಲ್ಲಿ ಮೊದಲ ಗುಂಪಿನ ಶೇ 55ರಷ್ಟು ಮಂದಿಗೆ ಮಧುಮೇಹ ಬಂತು. ಜೀವನಕ್ರಮ ಬದಲಿಸಿದ ಗುಂಪಿನಲ್ಲಿ ಅದು ಶೇ 39.3, ಮಾತ್ರೆಯ ಗುಂಪಿನಲ್ಲಿ ಶೇ 40.5, ಎರಡೂ ಸಿಕ್ಕವರಲ್ಲಿ ಶೇ 39.5. ಎರಡನ್ನೂ ಕೂಡಿಸಿದ್ದರಿಂದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ.

ಈಗ ಲೆಕ್ಕ ಮಾಡಿ. ಮೊದಲ ಗುಂಪಿಗೂ ಎರಡನೆಯ ಗುಂಪಿಗೂ ಇರುವ ವ್ಯತ್ಯಾಸ 55ರಿಂದ 39.3 ಕಳೆದರೆ 15.7. ಅಂದರೆ ನೂರು ಮಂದಿ ಜೀವನಕ್ರಮ ಬದಲಿಸಿದರೆ ಮೂರು ವರ್ಷಗಳಲ್ಲಿ ಸುಮಾರು ಹದಿನಾರು ಮಂದಿ ಮಧುಮೇಹದಿಂದ ಉಳಿಯುತ್ತಾರೆ. ಒಬ್ಬರನ್ನು ಉಳಿಸಲು ಆರೇಳು ಮಂದಿ ಬದಲಾಗಬೇಕು. ಅದೇ 15.7 ಅನ್ನು 55ರಿಂದ ಭಾಗಿಸಿದರೆ ಶೀರ್ಷಿಕೆಯಲ್ಲಿ ಬರುವ ಶೇ 28.5 ಸಿಗುತ್ತದೆ. ಎರಡೂ ನಿಜವೇ, ಆದರೆ ಮೊದಲನೆಯದು ಮನುಷ್ಯರನ್ನು ಎಣಿಸುತ್ತದೆ, ಎರಡನೆಯದು ಅನುಪಾತವನ್ನು ಹೇಳುತ್ತದೆ. ಯಾವ ವರದಿಯನ್ನೇ ಓದಲಿ, ಎರಡೂ ಗುಂಪುಗಳ ಮೂಲ ಶೇಕಡಾವಾರುಗಳನ್ನು ಹುಡುಕಿ ಈ ಕಳೆಯುವ ಲೆಕ್ಕವನ್ನು ಸ್ವತಃ ಮಾಡಿಕೊಳ್ಳಬೇಕು. ಆ ಅಂಕಿಗಳೇ ವರದಿಯಲ್ಲಿ ಇಲ್ಲದಿದ್ದರೆ ಅನುಪಾತಕ್ಕೆ ಬೆಲೆ ಕೊಡಬೇಕಾಗಿಲ್ಲ.

ಇದೇ ಲೆಕ್ಕ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸುತ್ತದೆ. ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ಜೀವನಕ್ರಮದ ಬದಲಾವಣೆಯಿಂದ ಅಪಾಯ ಶೇ 58ರಷ್ಟು ಇಳಿಯಿತು, ಭಾರತದಲ್ಲಿ ಶೇ 28.5 ಮಾತ್ರ, ಆದ್ದರಿಂದ ನಮ್ಮವರಿಗೆ ವ್ಯಾಯಾಮ, ಪಥ್ಯ ಅಷ್ಟಾಗಿ ಫಲಿಸುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಶೇ 58 ವಾರ್ಷಿಕ ದರಗಳ ಹೋಲಿಕೆಯಿಂದ ಬಂದದ್ದು. ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಅಲ್ಲಿನ ಹೋಲಿಕೆಯ ಗುಂಪಿನಲ್ಲಿ ಶೇ 28.9, ಜೀವನಕ್ರಮದ ಗುಂಪಿನಲ್ಲಿ ಶೇ 14.4 ಮಂದಿಗೆ ಮಧುಮೇಹ ಬಂತು. ವ್ಯತ್ಯಾಸ 14.5. ಭಾರತದಲ್ಲಿ 15.7. ನೂರು ಮಂದಿಯಲ್ಲಿ ಉಳಿದವರ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ಏನೂ ಮಾಡದವರು ಮಧುಮೇಹಕ್ಕೆ ಜಾರಿದ ವೇಗ. ಆಯ್ಕೆಯ ಮಾನದಂಡಗಳು ಎರಡರಲ್ಲೂ ಒಂದೇ ಆಗಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಅಮೆರಿಕದವರ ಸರಾಸರಿ ಬಿಎಂಐ 34, ಚೆನ್ನೈಯವರದು 25.8. ಹತ್ತಿರ ಹತ್ತಿರ ಎಂಟು ಅಂಶಗಳಷ್ಟು ಕಡಿಮೆ ಬಿಎಂಐ ಇದ್ದವರು ಹೆಚ್ಚು ವೇಗವಾಗಿ ಮಧುಮೇಹಿಗಳಾದರು ಎಂಬುದು ಈ ಎರಡು ಪ್ರಯೋಗಗಳನ್ನು ಜೊತೆಯಾಗಿ ಓದಿದಾಗ ಮಾತ್ರ ಕಣ್ಣಿಗೆ ಬೀಳುವ ಸಂಗತಿ.

ಎಲ್ಲ ಪ್ರಯೋಗಗಳೂ ಗೆಲ್ಲುವುದಿಲ್ಲ, ಗೆಲ್ಲದವುಗಳನ್ನೂ ಓದಬೇಕು. ಷಿಕಾಗೋ ಪ್ರದೇಶದ ದಕ್ಷಿಣ ಏಷ್ಯನ್ನರಲ್ಲಿ ನಡೆದು 2024ರಲ್ಲಿ ಪ್ರಕಟವಾದ ಸಹೇಲಿ ಪ್ರಯೋಗದಲ್ಲಿ, ಸಮುದಾಯಕ್ಕೆ ಹೊಂದಿಸಿ ರೂಪಿಸಿದ ಗುಂಪು ತರಗತಿಗಳು ಮುದ್ರಿತ ಮಾಹಿತಿಯನ್ನಷ್ಟೇ ಪಡೆದವರಿಗಿಂತ ಉತ್ತಮ ಫಲಿತಾಂಶವನ್ನು ಕೊಡಲಿಲ್ಲ. ಭಾಷೆ ಮತ್ತು ಸಂಸ್ಕೃತಿಗೆ ಹೊಂದಿಸಿದ ಮಾತ್ರಕ್ಕೆ ಕಾರ್ಯಕ್ರಮ ಫಲಿಸುತ್ತದೆ ಎಂಬ ನಂಬಿಕೆಯನ್ನು ಇಂತಹ ಫಲಿತಾಂಶ ಪ್ರಶ್ನಿಸುತ್ತದೆ.

ಜೊತೆಗಿರುವುದೆಲ್ಲ ಕಾರಣವಲ್ಲ

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯಿಂದ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದ ದೇಶಗಳಲ್ಲಿ 53, ಇತರ ದೇಶಗಳಲ್ಲಿ 58.8 ಎಂದು ಕಂಡುಬಂತು. 'ನಮ್ಮ ರಕ್ತದಲ್ಲೇ ಇದೆ' ಎಂಬ ಮಾತಿಗೆ ಇದನ್ನೇ ಸಾಕ್ಷಿಯಾಗಿ ಬಳಸುವುದುಂಟು. ಅದೇ ವಿಶ್ಲೇಷಣೆಯ ಮುಂದಿನ ಭಾಗವನ್ನು ಓದಿದರೆ, ತಂಬಾಕು, ಕೊಬ್ಬಿನ ಏರುಪೇರು, ಮಧುಮೇಹ, ಹೊಟ್ಟೆಯ ಬೊಜ್ಜು, ರಕ್ತದೊತ್ತಡದಂತಹ ಎಲ್ಲರಿಗೂ ಗೊತ್ತಿರುವ ಅಪಾಯಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಬರುವುದು ಈ ಅಂತರದ ಬಹುಭಾಗವನ್ನು ವಿವರಿಸುತ್ತದೆ ಎಂದು ಲೇಖಕರೇ ಹೇಳಿದ್ದಾರೆ. ವಂಶವಾಹಿಗಳ ಪಾತ್ರ ಇಲ್ಲವೆಂದಲ್ಲ. ಅದರ ಹೆಸರಿನಲ್ಲಿ ಕೈಕಟ್ಟಿ ಕೂರುವುದಕ್ಕೆ ಈ ಅಧ್ಯಯನ ಆಧಾರ ಕೊಡುವುದಿಲ್ಲ ಎಂದಷ್ಟೇ.

ಕಾರಣವನ್ನು ಹುಡುಕುವ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಉದಾಹರಣೆ ಇದೆ. ಅಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿ ಇಡಲಾಗಿತ್ತು. ಸಂಶೋಧಕರು 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿ, ಹುಟ್ಟುವಾಗ ಚಿಕ್ಕದಾಗಿದ್ದವರಲ್ಲಿ ಹೃದಯರೋಗ ಹೆಚ್ಚು ಎಂದು 1996ರಲ್ಲಿ ವರದಿ ಮಾಡಿದರು. ಮಧುಮೇಹದ ಮಟ್ಟಿಗೆ ಚಿತ್ರ ಬೇರೆಯಾಗಿತ್ತು. ಅದು ಹೆಚ್ಚಾಗಿ ಕಂಡದ್ದು ಉದ್ದದಲ್ಲಿ ಗಿಡ್ಡಗಿದ್ದು ಅದಕ್ಕೆ ಹೋಲಿಸಿದರೆ ದುಂಡಗಿದ್ದ ಶಿಶುಗಳಲ್ಲಿ. ಒಂದೇ ಕಡತದಿಂದ ಎರಡು ಕಾಯಿಲೆಗಳಿಗೆ ಎರಡು ಬೇರೆ ನಂಟುಗಳು ಹೊರಬಂದವು. ಪತ್ತೆಯಾದವರು ಬದುಕುಳಿದವರು ಮತ್ತು ಆಸ್ಪತ್ರೆಯ ಆಸುಪಾಸಿನಲ್ಲಿಯೇ ಉಳಿದವರು ಎಂಬ ಮಿತಿಯೂ ಇದೆ. 'ಕಡಿಮೆ ತೂಕದ ಮಗುವಿಗೆ ಸಕ್ಕರೆ ಕಾಯಿಲೆ ಖಚಿತ' ಎಂದು ಯಾರಾದರೂ ಹೆದರಿಸಿದರೆ ಮೂಲ ಅಧ್ಯಯನ ಹಾಗೆ ಹೇಳಿಲ್ಲ ಎಂದು ಉತ್ತರಿಸಬಹುದು.

ನಿಮ್ಮ ಲೆಕ್ಕ ನೀವೇ ಮಾಡಿ

ಇಷ್ಟರ ನಂತರ ಓದಿದ್ದನ್ನು ಸ್ವಂತಕ್ಕೆ ಅನ್ವಯಿಸಬೇಕು. ಅದಕ್ಕೆ ಚೆನ್ನೈಯ ವಿ. ಮೋಹನ್ ಅವರ ತಂಡ 2005ರಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯಾಂಕ ಸಾಕು, ರಕ್ತ ಕೊಡಬೇಕಾಗಿಲ್ಲ. ವಯಸ್ಸು 35ಕ್ಕಿಂತ ಕಡಿಮೆಯಿದ್ದರೆ ಸೊನ್ನೆ, 35ರಿಂದ 49ರವರೆಗೆ 20, ಅದಕ್ಕೆ ಮೇಲ್ಪಟ್ಟರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೊನ್ನೆ. ಅಲ್ಲಿಂದ ಹತ್ತು ಸೆಂಟಿಮೀಟರಿನೊಳಗೆ 10. ಅದನ್ನೂ ಮೀರಿದರೆ 20. ನಿಯಮಿತ ವ್ಯಾಯಾಮವೂ ಶ್ರಮದ ಕೆಲಸವೂ ಎರಡೂ ಇದ್ದರೆ ಸೊನ್ನೆ, ಒಂದು ಮಾತ್ರ ಇದ್ದರೆ 20, ಎರಡೂ ಇಲ್ಲದಿದ್ದರೆ 30. ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚು, ರಕ್ತಪರೀಕ್ಷೆ ಮಾಡಿಸಬೇಕು.

ಕುಳಿತು ಕೆಲಸ ಮಾಡುವ, ವ್ಯಾಯಾಮವಿಲ್ಲದ, 94 ಸೆಂಟಿಮೀಟರ್ ಸೊಂಟದ, ತಾಯಿಗೆ ಮಧುಮೇಹವಿರುವ 42 ವರ್ಷದ ಗಂಡಸಿನ ಅಂಕ 20, 10, 30, 10 ಸೇರಿ 70. ನಿಯಮಿತ ವ್ಯಾಯಾಮ ಶುರುಮಾಡಿದರೆ 60ಕ್ಕೆ, ಸೊಂಟ 90ರ ಕೆಳಗೆ ಬಂದರೆ 50ಕ್ಕೆ ಇಳಿಯುತ್ತದೆ. ವಯಸ್ಸನ್ನೂ ತಾಯಿಯ ಕಾಯಿಲೆಯನ್ನೂ ಬದಲಿಸಲಾಗದು. ಈ ಅಂಕಕ್ಕೂ ಮೇಲಿನ ಪ್ರಶ್ನೆಗಳನ್ನು ಕೇಳಲೇಬೇಕು: ಇದು ಚೆನ್ನೈ ನಗರದ ಜನರಿಂದ ರೂಪುಗೊಂಡದ್ದು, ಮತ್ತು 60ರ ಗೆರೆಯಲ್ಲಿ ಪತ್ತೆಯಾಗದೆ ಉಳಿದ ಮಧುಮೇಹಿಗಳಲ್ಲಿ ಶೇ 72.5ರಷ್ಟು ಮಂದಿಯನ್ನು ಮಾತ್ರ ಹಿಡಿಯುತ್ತದೆ. ಅಂಕ ಕಡಿಮೆ ಬಂದರೂ ಅತಿ ಬಾಯಾರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ರಕ್ತಪರೀಕ್ಷೆ ಮಾಡಿಸಲು ತಡಮಾಡಬಾರದು.

ಹೃದಯದ ಕಡೆಗೆ ಬಂದರೆ, ರಕ್ತದೊತ್ತಡವನ್ನು ಐದು ನಿಮಿಷ ಬೆನ್ನು ಒರಗಿಸಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿಟ್ಟು, ಎರಡು ಸಲ ಅಳೆಯಬೇಕು. ಕೊಬ್ಬಿನ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟರಾಲ್ ಒಂದನ್ನೇ ನೋಡಿ ಕೈಬಿಡಬಾರದು; ದಕ್ಷಿಣ ಏಷ್ಯನ್ನರಲ್ಲಿ ಸಾಮಾನ್ಯವಾಗಿ ಕಾಣುವ ಮಾದರಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚು, 'ಒಳ್ಳೆಯ ಕೊಲೆಸ್ಟರಾಲ್' ಎನ್ನುವ ಎಚ್‌ಡಿಎಲ್ ಕಡಿಮೆ. ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿದ್ದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಕಣಗಳಲ್ಲಿ ಒಂದಾದ ಲೈಪೊಪ್ರೋಟೀನ್-ಎ ಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಬಹುದು. ಅದರ ಮಟ್ಟ ಬಹುತೇಕ ಹುಟ್ಟಿನಿಂದಲೇ ನಿರ್ಧಾರವಾಗಿರುವುದರಿಂದ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಅಮೆರಿಕದ 2018ರ ಕೊಲೆಸ್ಟರಾಲ್ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದಾಗಿ ಪಟ್ಟಿಮಾಡಿದೆ. ಔಷಧಿ ಬೇಕೋ ಬೇಡವೋ ಎಂಬ ಗೆರೆಯ ಮೇಲೆ ನಿಂತವರು ವೈದ್ಯರೊಡನೆ ಈ ಮಾತನ್ನು ಎತ್ತುವುದು ಉಚಿತ.

ಅಧ್ಯಯನಕ್ಕೆ ನಿಮ್ಮನ್ನೇ ಕರೆದರೆ

ಭಾರತದಲ್ಲಿ ನಿಮ್ಮನ್ನು ಸಂಶೋಧನೆಗೆ ಆಹ್ವಾನಿಸಿದರೆ, ಸಮ್ಮತಿ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಕೇಳುವುದು ನಿಮ್ಮ ಹಕ್ಕು. ಯಾವಾಗ ಬೇಕಾದರೂ, ಕಾರಣ ಹೇಳದೆ, ಚಿಕಿತ್ಸೆಗೆ ತೊಂದರೆಯಾಗದಂತೆ ಹೊರಬರುವ ಸ್ವಾತಂತ್ರ್ಯವೂ ನಿಮಗಿದೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಔಷಧಿ ಅಥವಾ ಚಿಕಿತ್ಸೆಯನ್ನು ಪರೀಕ್ಷಿಸುವ ಪ್ರಯೋಗವಾಗಿದ್ದರೆ ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆಯನ್ನು ಕೇಳಿ, ಅದರ ಜಾಲತಾಣದಲ್ಲಿ ಹುಡುಕಿ ನೋಡಿ. ಪ್ರಯೋಗದ ಉದ್ದೇಶ ಏನು, ಮುಖ್ಯವಾಗಿ ಅಳೆಯುವುದು ಏನನ್ನು ಎಂಬುದು ಅಲ್ಲಿ ಮೊದಲೇ ದಾಖಲಾಗಿರಬೇಕು. ಸಹಿ ಮಾಡುವ ಮೊದಲು ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿ: ನನ್ನ ಪರೀಕ್ಷೆಯ ಫಲಿತಾಂಶ ನನಗೆ ಕೊಡುತ್ತೀರಾ, ನನ್ನ ರಕ್ತದ ಮಾದರಿಯನ್ನು ಮುಂದೆ ಬೇರೆ ಸಂಶೋಧನೆಗೆ ಬಳಸುತ್ತೀರಾ, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಹೊಣೆ ಯಾರದು. ಸಹಿ ಮಾಡಿದ ಪತ್ರದ ಒಂದು ಪ್ರತಿಯನ್ನೂ, ನೈತಿಕ ಸಮಿತಿಯ ಸಂಪರ್ಕ ವಿವರವನ್ನೂ ಪಡೆದುಕೊಂಡು ನಿಮ್ಮ ವೈದ್ಯಕೀಯ ಕಡತದಲ್ಲಿ ಸೇರಿಸಿಡಿ.